ಮುಕ್ಕಾಲು ಇಂಚು

ಹೊಸ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಯಜಮಾನರ ಸೊಸೆ ಹೇಳಿದ್ದು ಇಷ್ಟೇ: "ಮಾಸ್ಟ್ರೇ, ಹಳೇದ್ರಲ್ಲಿರೋದನ್ನೆಲ್ಲ ಇದಕ್ಕೆ ಹಾಕ್ಕೊಟ್ಬಿಡಿ. ಒಂದು ವಾರ ಸಾಕಲ್ವಾ? ಆಮೇಲೆ ನೀವು ಆರಾಮಾಗಿರಬಹುದು."

ಆರಾಮ ಎನ್ನುವ ಪದ ಮಾಸ್ಟರಿಗೆ ರುಚಿಸಲಿಲ್ಲ. ಅವರು "ಆಗಲಿ ಮೇಡಂ" ಎಂದರು. ಹಾಗನ್ನುವಾಗ ಸೊಸೆಯ ಹಿಂದೆ ನಿಂತಿದ್ದ ಹೆಂಗಸನ್ನು ನೋಡಿದರು. ನಲವತ್ತರ ಆಸುಪಾಸು, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ, ಕೈಯಲ್ಲಿ ಒಂದು ನೋಟ್‌ಬುಕ್ಕು. ಬೇರೆ ಯಾವುದೋ ಕಾರ್ಖಾನೆಯಿಂದ ಬಂದ ಡಿಸೈನರ್ ಅಂತೆ. ಹೊಸ ಲ್ಯಾಪ್‌ಟಾಪಿನ ಮುಚ್ಚಳ ತೆರೆದರೆ ಮೊದಲು ಕಾಣಿಸುವುದೇ ಆಕೆಯ ಹೆಸರು. ಅಂದರೆ ವಿಷಯ ಸ್ಪಷ್ಟ. ಹಾಕಿಕೊಡುವವರೆಗೆ ಮಾಸ್ಟರು ಬೇಕು, ಹಾಕಿಕೊಟ್ಟ ಮೇಲೆ ಬೇಡ.

ಅದು ಯೂನಿಫಾರಂ ಹೊಲಿಯುವ ಕಾರ್ಖಾನೆ. ನಲವತ್ತು ಮಿಷನ್ನು, ಎರಡು ಉದ್ದದ ಕಟಿಂಗ್ ಮೇಜು, ಗೋಡೆಯುದ್ದಕ್ಕೂ ಬಟ್ಟೆಯ ಸುರುಳಿ. ದಾದಿಯರು, ಕಾವಲಿನವರು, ಹೋಟೆಲಿನ ಮಾಣಿಗಳು, ಬಸ್ ಡ್ರೈವರುಗಳು, ಹೀಗೆ ಊರಲ್ಲಿ ಒಂದೇ ಬಣ್ಣದ ಬಟ್ಟೆ ತೊಟ್ಟು ದುಡಿಯುವವರಲ್ಲಿ ಅರ್ಧ ಜನರ ಮೈಮೇಲಿನ ಬಟ್ಟೆ ಇಲ್ಲಿಂದಲೇ ಹೋಗಿತ್ತು. ಅಷ್ಟೂ ಬಟ್ಟೆಗೆ ಅಚ್ಚು ಬರೆದವರು ಮಾಸ್ಟರು. ಕತ್ತರಿಸುವ ಮೊದಲು ತೋಳು ಹೀಗೆ, ಬೆನ್ನು ಹೀಗೆ, ಕಾಲು ಹೀಗೆ ಎಂದು ಅಳತೆಯಿಟ್ಟು ಬರೆಯುವ ನಕ್ಷೆ. ಇಲ್ಲಿಯವರ ಬಾಯಲ್ಲಿ ಪ್ಯಾಟರ್ನು. ಮೊದಲ ಹನ್ನೊಂದು ವರ್ಷ ಕಂದು ಕಾಗದದ ಮೇಲೆ ಬರೆದರು. ಆಮೇಲೆ ಹಳೇ ಯಜಮಾನರು ಆ ಹಳೇ ಲ್ಯಾಪ್‌ಟಾಪ್ ತಂದುಕೊಟ್ಟಾಗ, ನಲವತ್ತೇಳರ ವಯಸ್ಸಿನಲ್ಲಿ ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಕಲಿತು, ಅಷ್ಟನ್ನೂ ಅದರೊಳಕ್ಕೆ ಇಳಿಸಿದರು. ಮುನ್ನೂರ ಹದಿನೇಳು ಪ್ಯಾಟರ್ನು. ಅದಾಗಿ ಮತ್ತೆ ಹನ್ನೊಂದು ವರ್ಷ. ಈಗ ಅವನ್ನೆಲ್ಲ ಗಂಟು ಕಟ್ಟಿ ಬೇರೊಬ್ಬರ ಮಡಿಲಿಗೆ ಹಾಕಿ, ಮನೆಗೆ ಹೋಗಿ, ಆರಾಮಾಗಿರಬೇಕು.

ಮೊದಲ ಎರಡು ದಿನ ಅವರಿಗೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಪುರಸೊತ್ತು ಸಿಗಲಿಲ್ಲ. ಪ್ಯಾಟರ್ನಿನ ಪ್ರೋಗ್ರಾಂ ಇದ್ದದ್ದು ಸಿ.ಡಿ.ಯಲ್ಲಿ, ಹೊಸ ಲ್ಯಾಪ್‌ಟಾಪಿಗೆ ಸಿ.ಡಿ. ತೂರಿಸುವ ಬಾಯಿಯೇ ಇರಲಿಲ್ಲ. ಸುತ್ತ ತಿರುಗಿಸಿ, ಮಗುಚಿ, ತಟ್ಟಿ ನೋಡಿದರು. ಪ್ರೋಗ್ರಾಂ ಓಡಬೇಕಾದರೆ ಪಕ್ಕದಲ್ಲಿ ಒಂದು ಸಣ್ಣ ಕೀಲಿಯಂಥ ಕಡ್ಡಿ ಚುಚ್ಚಿರಬೇಕು. ಆ ಕಡ್ಡಿಯ ಮೂತಿಗೂ ಹೊಸದರ ತೂತಿಗೂ ತಾಳೆಯಾಗಲಿಲ್ಲ. ಪೇಟೆಗೆ ಹೋಗಿ ನಡುವೆ ಸಿಕ್ಕಿಸುವ ತುಂಡು ತಂದರು. ಸಿ.ಡಿ. ಓದುವ ಪೆಟ್ಟಿಗೆ ತಂದರು. ಎಲ್ಲ ಜೋಡಿಸಿದ ಮೇಲೆ ಪರದೆ, ಈ ಪ್ರೋಗ್ರಾಂ ಇಲ್ಲಿ ನಡೆಯುವುದಿಲ್ಲ ಎಂದು ಸಣ್ಣ ಅಕ್ಷರದಲ್ಲಿ ತಣ್ಣಗೆ ಹೇಳಿತು.

ಪ್ರೋಗ್ರಾಂ ಮಾಡಿದ ಕಂಪನಿಗೆ ಫೋನು ಹಚ್ಚಿದರು. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಂದು ಹೆಣ್ಣುದನಿ ಬಂತು.

"ಸರ್, ಆ ಕಂಪನಿ ಈಗಿಲ್ಲ. ನಾವು ಅದನ್ನ ತಗೊಂಡಿರೋರು."

"ಯಾರಾದ್ರೂ ಆಗ್ಲಿಮ್ಮ. ನನ್ನ ಫೈಲುಗಳು ಬರ್ಬೇಕು, ಅಷ್ಟೇ."

"ಬರತ್ತೆ ಸರ್. ಹಳೇದ್ರಲ್ಲಿ ಫೈಲ್ ತೆಗೀಬೇಕು, ಬೇರೆ ನಮೂನೆಗೆ ಬದಲಾಯಿಸಿ ಉಳಿಸ್ಬೇಕು, ನಮ್ಮ ಹೊಸ ಪ್ರೋಗ್ರಾಂನಲ್ಲಿ ತೆಗೀಬೇಕು, ಮತ್ತೆ ಉಳಿಸ್ಬೇಕು."

"ಎಲ್ಲಾ ಒಟ್ಟಿಗೆ ಆಗಲ್ವಾ?"

"ಆಗಲ್ಲ ಸರ್. ಒಂದೊಂದೇ."

"ಮುನ್ನೂರ ಹದಿನೇಳಿದೆ ಕಣಮ್ಮ!"

"ಒಂದೊಂದೇ ಸರ್," ಎಂದಿತು ದನಿ. ದಾಕ್ಷಿಣ್ಯಕ್ಕೂ ಒಂದು ನಿಟ್ಟುಸಿರು ಬಿಡಲಿಲ್ಲ.

ಒಂದೊಂದೇ ಶುರುವಾಯಿತು. ಹಳೇ ಲ್ಯಾಪ್‌ಟಾಪು ಪ್ರತಿ ಫೈಲಿಗೂ ಏದುಸಿರು ಬಿಡುತ್ತಿತ್ತು. ಅದರ ಫ್ಯಾನು ಗಿರಣಿಯ ಹಾಗೆ ಕೂಗಿ, ತಟಕ್ಕನೆ ನಿಂತು, ಪರದೆಯ ಮೇಲೆ ಮರಳುಗಡಿಯಾರ ತಿರುಗುತ್ತ ಕೂರುತ್ತಿತ್ತು. ಕೆಲವು ಹೆಸರುಗಳನ್ನು ಹೊಸ ಪ್ರೋಗ್ರಾಂ ಒಪ್ಪುತ್ತಿರಲಿಲ್ಲ. ಹೆಸರು ಉದ್ದವಾಯಿತು ಎನ್ನುತ್ತಿತ್ತು. ಒಮ್ಮೆ ಅರವತ್ತೊಂದನೆಯದರಲ್ಲಿ ಎರಡೂ ಯಂತ್ರ ಒಟ್ಟಿಗೆ ಮುಷ್ಕರ ಹೂಡಿದವು. ಮಾಸ್ಟರು ಎದ್ದು ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದರು. ಇಲ್ಲವಾದರೆ ಎರಡನ್ನೂ ಎತ್ತಿ ಕಿಟಕಿಯಾಚೆ ಎಸೆಯುತ್ತಿದ್ದರು.

ಇಷ್ಟೂ ಸಾಲದು ಎಂಬಂತೆ, ಪ್ರತಿ ಫೈಲು ಹೊಸದಕ್ಕೆ ಬಂದು ಕೂತಾಗಲೂ ಒಂದು ಹಳದಿ ಚೌಕ ಎದ್ದು ನಿಲ್ಲುತ್ತಿತ್ತು: *ಬದಲಾವಣೆಯ ವೇಳೆ ಕೆಲವು ಅಳತೆಗಳಲ್ಲಿ ವ್ಯತ್ಯಾಸ ಆಗಿರಬಹುದು. ದಯವಿಟ್ಟು ಪರಿಶೀಲಿಸಿ.* ಮಾಸ್ಟರು ಮೊದಮೊದಲು ಗಾಬರಿಬಿದ್ದು ಪರಿಶೀಲಿಸಿದರು. ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಹತ್ತರ ಮೇಲೆ ನೋಡುವುದನ್ನೇ ಬಿಟ್ಟರು. 'ಸರಿ' ಎಂಬ ಗುಂಡಿ ಒತ್ತುವುದು, ಮುಂದಕ್ಕೆ ಹೋಗುವುದು. ಎಪ್ಪತ್ತನೆಯ ಸಲವೋ ಎಂಬತ್ತನೆಯ ಸಲವೋ ಆ ಚೌಕ ಎದ್ದಾಗ ಮಾತ್ರ ಅವರ ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು.

ವ್ಯತ್ಯಾಸ ಆಗಿರಬಹುದು ಎಂದು ಯಂತ್ರವೇ ಬಾಯಿಬಿಟ್ಟು ಹೇಳುತ್ತಿದೆ. ಹಾಗಿರುವಾಗ ನಿಜಕ್ಕೂ ವ್ಯತ್ಯಾಸ ಆದರೆ ಯಾರನ್ನು ಕೇಳುತ್ತಾರೆ?

ಆ ಮಧ್ಯಾಹ್ನ ಅವರು ಊಟದ ಡಬ್ಬಿ ತೆರೆಯಲೇ ಇಲ್ಲ. ಕಟಿಂಗ್ ಮೇಜಿನ ತುದಿಯಲ್ಲಿ ಕೂತು ಯೋಚನೆಯನ್ನು ಬಟ್ಟೆಯ ಹಾಗೆ ಹರಡಿ, ಸುಕ್ಕು ತೀಡಿ, ಎಲ್ಲಿ ಕತ್ತರಿ ಇಡಬೇಕು ಎಂದು ನೋಡಿದರು.

ಫೈಲುಗಳನ್ನು ಅಳಿಸುವುದು ಪೆದ್ದರ ಕೆಲಸ, ಮರುದಿನವೇ ಸಿಕ್ಕಿಬೀಳುತ್ತಾರೆ. ಕೊಡುವುದಿಲ್ಲ ಎಂದು ಹಟ ಹಿಡಿದರೆ ವಕೀಲರು ಬರುತ್ತಾರೆ. ಕೊಡಬೇಕು, ಸಂತೋಷವಾಗಿ ಕೊಡಬೇಕು, ಆದರೆ ಕೊಟ್ಟದ್ದು ಕೆಲಸಕ್ಕೆ ಬರಬಾರದು. ಮುನ್ನೂರ ಹದಿನೇಳನ್ನೂ ಕೆಡಿಸುವುದು ಬೇಡ. ದಾದಿಯರ ಕೋಟು, ಮಾಣಿಗಳ ಅಂಗಿ, ಅವು ಪ್ರಾಮಾಣಿಕವಾಗಿ ಹೋಗಲಿ. ಮುಂದಿನ ವಾರ ಕತ್ತರಿಸಲು ಎತ್ತಿಕೊಳ್ಳುವುದು ಬಸ್ ಡಿಪೋದ ಕೆಲಸ: ಆರುನೂರು ಡ್ರೈವರುಗಳು, ತಲೆಗೆ ಎರಡೆರಡು ಜೊತೆ. ಕಾರ್ಖಾನೆಗೆ ಅದಕ್ಕಿಂತ ದೊಡ್ಡ ಗಿರಾಕಿ ಇಲ್ಲ. ಡ್ರೈವರುಗಳ ಬಾಯಿಯಂತೂ ಹಾರನ್ನಿಗಿಂತ ಜೋರು. ಅಂಗಿ ಸರಿಯಿಲ್ಲದಿದ್ದರೆ ಊರಿಗೆಲ್ಲ ಕೇಳುವ ಹಾಗೆ ಬೈಯುತ್ತಾರೆ. ಅಂಗಿ ಒಂಬತ್ತು ಅಳತೆ, ಪ್ಯಾಂಟು ಒಂಬತ್ತು ಅಳತೆ. ಹದಿನೆಂಟು ಫೈಲು ಸಾಕು.

ಬಿಗಿ ಮಾಡುವುದೋ ಸಡಿಲ ಮಾಡುವುದೋ ಎನ್ನುವುದು ಮುಂದಿನ ಪ್ರಶ್ನೆ. ಹೊಸಬರಾದರೆ ಬಿಗಿ ಮಾಡುತ್ತಿದ್ದರು. ಮಾಸ್ಟರಿಗೆ ಗೊತ್ತಿತ್ತು, ಬಿಗಿಯಾದದ್ದು ಬೇಗ ಬಯಲಾಗುತ್ತದೆ. ಮಿಷನ್ನಿನ ಮುಂದೆ ಕೂತವರೇ ತುಂಡಿಗೆ ತುಂಡು ಸೇರುತ್ತಿಲ್ಲ ಎಂದು ಕೈಯೆತ್ತುತ್ತಾರೆ. ಸಡಿಲ ಮಾಡಬೇಕು, ಅದೂ ಸೇರಬೇಕಾದ ಎರಡೂ ತುಂಡುಗಳಲ್ಲಿ ಲೆಕ್ಕ ಹಿಡಿದು. ಆಗ ಹೊಲಿಗೆ ಬೆಣ್ಣೆಯ ಹಾಗೆ ಸಾಗುತ್ತದೆ. ಮೇಜಿನ ಮೇಲೆ ಮಡಿಚಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮನುಷ್ಯನ ಮೈಮೇಲೆ ಬಿದ್ದಾಗಲೇ ಅದರ ಬಣ್ಣ ಬಯಲು. ಪ್ಯಾಂಟಿನ ಸೀಟಿನ ಹಿಂಭಾಗಕ್ಕೆ ಮುಕ್ಕಾಲು ಇಂಚು. ಅಂಗಿಯ ಬೆನ್ನಿಗೆ ಅರ್ಧ ಇಂಚು. ಕಂಕುಳಲ್ಲಿ ಕಾಲು ಇಂಚು. ಇಪ್ಪತ್ತೆರಡು ವರ್ಷದ ಕೈಗೆ ಮಾತ್ರ ಹೊಳೆಯುವ ಲೆಕ್ಕ ಅದು. ಕೆಡಿಸುವುದಕ್ಕೂ ವಿದ್ಯೆ ಬೇಕು ಎಂದು ಅವರಿಗೆ ತಮ್ಮ ಬಗ್ಗೆಯೇ ಸಣ್ಣ ಅಭಿಮಾನ ಉಕ್ಕಿತು.

ಆಮೇಲೆ ಕೆಲಸ ಅವಸರವಿಲ್ಲದೆ, ಕ್ರಮವಾಗಿ ನಡೆಯಿತು. ಮೊದಲು ಎಲ್ಲ ಅಸಲಿ ಫೈಲುಗಳನ್ನೂ ಹೆಬ್ಬೆರಳಿನಷ್ಟಿದ್ದ ಒಂದು ಪೆನ್‌ಡ್ರೈವಿಗೆ ಇಳಿಸಿ, ಅದನ್ನು ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು. ಆಮೇಲೆ ಹಳೇ ಲ್ಯಾಪ್‌ಟಾಪಿನಲ್ಲಿ ಡ್ರೈವರುಗಳ ಹದಿನೆಂಟು ಫೈಲು ತೆರೆದು, ಒಂದೊಂದರ ಗೆರೆಯನ್ನೂ ಮೆಲ್ಲನೆ ಆಚೆಗೆ ಎಳೆದರು. ಅವು ಹೊಸದಕ್ಕೆ ಹೋದಾಗ ಹಳದಿ ಚೌಕ ಎಂದಿನ ಹಾಗೆ ಎದ್ದಿತು. ಈ ಸಲ ಮಾಸ್ಟರಿಗೆ ಅದರ ಮೇಲೆ ಸಿಟ್ಟು ಬರಲಿಲ್ಲ. ಸಾಕ್ಷಿಯ ಕಟಕಟೆಯಲ್ಲಿ ತಮ್ಮ ಪರವಾಗಿ ನಿಂತ ಸಂಭಾವಿತನ ಹಾಗೆ ಕಂಡಿತು.

ತಾರೀಖಿನ ಭಯವೂ ಇರಲಿಲ್ಲ. ಹೊಸ ಪ್ರೋಗ್ರಾಂನಲ್ಲಿ ಹೊಸದಾಗಿ ಉಳಿಸಿದ್ದರಿಂದ ಮುನ್ನೂರ ಹದಿನೇಳಕ್ಕೂ ಅದೇ ವಾರದ ತಾರೀಖು ಬಿದ್ದಿತ್ತು. ಹದಿನೆಂಟು ಕಳ್ಳರು ಅಷ್ಟು ಜನರ ಸಂತೆಯಲ್ಲಿ ಕರಗಿಹೋದರು.

ಒಂದು ಜೊತೆಯನ್ನು ತಾವೇ ಕತ್ತರಿಸಿ, ಎಲ್ಲರೂ ಊಟಕ್ಕೆ ಹೋದಾಗ ಮೂಲೆಯ ಮಿಷನ್ನಿನಲ್ಲಿ ಹೊಲಿದು, ಗೊಂಬೆಗೆ ತೊಡಿಸಿ ನೋಡಿದರು. ಪ್ಯಾಂಟಿನ ಹಿಂಭಾಗ ಖಾಲಿ ಚೀಲದ ಹಾಗೆ ಜೋತುಬಿದ್ದಿತ್ತು. ಬೆನ್ನಿನ ಬಟ್ಟೆ ಬೇರೆ ಯಾರಿಂದಲೋ ಕೇಳಿ ತಂದು ಹಾಕಿಕೊಂಡ ಹಾಗೆ ತೂಗುತ್ತಿತ್ತು. ಮಾಸ್ಟರು ತೃಪ್ತಿಯಿಂದ ತಲೆಯಾಡಿಸಿ, ಅದನ್ನು ಬಿಚ್ಚಿ, ಕತ್ತರಿಸಿ, ಚೂರುಗಳ ರಾಶಿಗೆ ಸೇರಿಸಿದರು. ಡಿಸೈನರಮ್ಮ ಒಪ್ಪಿಗೆಯ ಸ್ಯಾಂಪಲ್ ಕೇಳಿದಾಗ ಕೊಟ್ಟದ್ದು ಅಸಲಿ ಪ್ಯಾಟರ್ನಿನಿಂದ ಹೊಲಿಸಿದ ಜೊತೆ. ಆಕೆ ಕನ್ನಡಕ ಏರಿಸಿ, ಹೊಲಿಗೆ ಸವರಿ ನೋಡಿ, "ಎಂಥಾ ಕೈ ಮಾಸ್ಟ್ರೇ ನಿಮ್ದು" ಎಂದರು. ಹೊಗಳಿಕೆ ಮನಸ್ಸಿನಿಂದ ಬಂದದ್ದೇ. ಅದಕ್ಕೇ ಮಾಸ್ಟರ ಸಿಟ್ಟು ಇನ್ನಷ್ಟು ಕೆರಳಿತು.

ಒಂದೇ ಒಂದು ಸಲ ಅವರ ಕೈ ಹಿಂಜರಿದದ್ದು ಕಾಜಕ್ಕನ ದೆಸೆಯಿಂದ. ಕಾಜಾ ಮತ್ತು ಗುಂಡಿಯ ಮಿಷನ್ನಿನಲ್ಲಿ ಇಪ್ಪತ್ತು ವರ್ಷದಿಂದ ಕೂತಿರುವ ಹೆಂಗಸು. ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಮಾಸ್ಟರು ಕೊನೆಯ ಫೈಲುಗಳನ್ನು ಸಾಗಿಸುತ್ತಿದ್ದಾಗ ಆಕೆ ಟೀ ತಂದಿಟ್ಟು, ಪರದೆಯ ಕಡೆ ನೋಡುತ್ತ ನಿಂತಳು.

"ಇದ್ರಲ್ಲೇ ಇದ್ಯಾ ಮಾಸ್ಟ್ರೇ, ಎಲ್ಲಾ?"

"ಇದೆಯಮ್ಮ."

"ಡಿಪೋ ಕೆಲ್ಸ ಈ ಸಲ ಚೆನ್ನಾಗಾದ್ರೆ ಮುಂದಿನ ವರ್ಷನೂ ನಮ್ಗೇ ಅಂತೆ. ಇಲ್ದಿದ್ರೆ ಒಂದು ಸಾಲು ಮಿಷನ್ ನಿಲ್ಸ್ತಾರಂತೆ. ನೀವು ಮಾಡ್ಕೊಟ್ಟಿದೀರಲ್ಲ, ನಂಗೆ ಧೈರ್ಯ."

ಟೀ ಆರುವವರೆಗೂ ಮಾಸ್ಟರು ಅದನ್ನು ಮುಟ್ಟಲಿಲ್ಲ. ಆಮೇಲೆ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ನಿಲ್ಲಿಸುವುದಕ್ಕೆ ತಾವು ಬಿಟ್ಟರಲ್ಲವೇ? ಡಿಪೋದವರು ಕೂಗಾಡುತ್ತಾರೆ, ಸೊಸೆ ತಲೆ ಮೇಲೆ ಕೈ ಹೊತ್ತು ಕೂರುತ್ತಾಳೆ, ಡಿಸೈನರಮ್ಮ ಹಳದಿ ಚೌಕದ ಕಡೆ ಬೆರಳು ತೋರಿಸುತ್ತಾಳೆ. ಆಗ ತಾವು ಅಸಲಿ ಪ್ಯಾಟರ್ನುಗಳ ಸಮೇತ ಒಳಕ್ಕೆ ಕಾಲಿಡುತ್ತಾರೆ. ಹತ್ತು ದಿನದಲ್ಲಿ ಎಲ್ಲ ಸರಿ. ಕಾಜಕ್ಕನ ಮಿಷನ್ನೂ ಉಳಿಯುತ್ತದೆ, ಅದನ್ನು ಉಳಿಸಿದವರು ಯಾರು ಎಂಬುದೂ ಕಾರ್ಖಾನೆಗೆ ಗೊತ್ತಾಗುತ್ತದೆ. ಒಂದು ಲೆಕ್ಕದಲ್ಲಿ ಇದು ಉಪಕಾರವೇ.

ಕೊನೆಯ ದಿನ ಹಳೇ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿದ್ದುದನ್ನೆಲ್ಲ ಪೂರ್ತಿ ಒರೆಸಿ, "ಪಾಪ, ಕೆಲಸ ಮುಗಿಸಿಯೇ ಪ್ರಾಣ ಬಿಡ್ತು ಮೇಡಂ. ಇನ್ನು ಅದ್ರಲ್ಲಿ ಏನೂ ಸಿಗಲ್ಲ" ಎಂದು ಮೇಜಿನ ಮೇಲಿಟ್ಟರು. ಸೊಸೆ ಅದರ ಮುಚ್ಚಳ ಸವರಿ, "ಮಾವನವರು ತಂದಿದ್ದು" ಎಂದಳು. ಎಲ್ಲರೂ ಸೇರಿ ಮಾಸ್ಟರಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಹೊತ್ತೇ ಹೋಗದವನ ಕೈಗೆ ಗಡಿಯಾರ ಕೊಟ್ಟು ಕಳಿಸುವ ಬುದ್ಧಿ ಯಾರಿಗೆ ಹೊಳೆಯಿತೋ ಎಂದುಕೊಂಡು ಅದನ್ನು ಹೊತ್ತು ಮನೆಗೆ ನಡೆದರು.

ಮನೆಯಲ್ಲಿ ಮೊದಲ ವಾರ ಚೆನ್ನಾಗಿಯೇ ಕಳೆಯಿತು. ಕಾರ್ಖಾನೆಯಲ್ಲಿ ಈಗ ಏನು ನಡೆಯುತ್ತಿರಬಹುದು ಎಂದು ಗಳಿಗೆ ಗಳಿಗೆಗೂ ಲೆಕ್ಕ ಹಾಕಿದರು. ಇವತ್ತು ಕಟಿಂಗು. ಇವತ್ತು ಹೊಲಿಗೆ. ಇವತ್ತು ಕಾಜಾ. ಎರಡನೆಯ ವಾರ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದರು. ಹೆಂಡತಿ ಕಡಲೆಹಿಟ್ಟು ಹುಡುಕಿ ಹುಡುಕಿ ಸೋತು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಿಮ್ಮ ಆರಾಮ ನಂಗೆ ಹರಾಮ ಆಗಿದೆ. ಹೊರಗಡೆ ಎಲ್ಲಾದ್ರೂ ಹೋಗ್ಬನ್ನಿ."

"ಇನ್ನು ಸ್ವಲ್ಪ ದಿನ ಕಣೆ. ಅವ್ರೇ ಕರೀತಾರೆ, ನೋಡ್ತಿರು."

"ಯಾಕೆ ಕರೀತಾರೆ? ಎಲ್ಲಾ ಕೊಟ್ಟು ಬಂದಿದೀನಿ ಅಂದ್ರಲ್ಲ?"

ಮಾಸ್ಟರು ಚಪ್ಪಲಿ ಮೆಟ್ಟಿದರು.

ಮೂರನೆಯ ವಾರದ ಕೊನೆಗೆ ಬಟ್ಟೆ ಡಿಪೋ ಸೇರಿತು ಎಂದು ಗೊತ್ತಾಯಿತು. ನಾಲ್ಕನೆಯ ವಾರ ಕರೆ ಬರಲಿಲ್ಲ. ಐದನೆಯ ವಾರವೂ ಬರಲಿಲ್ಲ. ಫೋನು ಗುಂಯ್ ಎಂದರೆ ಸಾಕು, ಮಾಸ್ಟರು ಕಾಲು ತೊಡರಿಕೊಂಡು ಓಡುತ್ತಿದ್ದರು, ಯಾವುದೋ ಜಾಹೀರಾತು. ಕೆಟ್ಟದ್ದು ಕೆಟ್ಟಿದೆ ಎಂದು ಗೊತ್ತಾಗುವುದಕ್ಕೆ ಈ ಜನಕ್ಕೆ ಎಷ್ಟು ದಿನ ಬೇಕು? ಹೆಸರು ಹಾಕದೆ ತಾವೇ ಒಂದು ದೂರಿನ ಪತ್ರ ಬರೆದುಬಿಡಲೇ ಎಂದುಕೊಂಡು ಕಾಗದವನ್ನೂ ತೆಗೆದರು. ಕೈಬರಹ ಗುರುತು ಸಿಕ್ಕೀತು ಎಂದು ಮಡಿಚಿಟ್ಟರು.

ಕೊನೆಗೆ ತಡೆಯಲಾರದೆ ಒಂದು ಬೆಳಿಗ್ಗೆ ಮುಖ್ಯ ಬಸ್ ನಿಲ್ದಾಣಕ್ಕೆ ಹೋದರು. ಅಲ್ಲಿ ಬಸ್ಸಿನ ಬಾಗಿಲ ಬಳಿ ಒಬ್ಬ ಡ್ರೈವರು ಹೊಸ ಯೂನಿಫಾರಂ ತೊಟ್ಟು ಟೀ ಕುಡಿಯುತ್ತ ನಿಂತಿದ್ದ. ಮಾಸ್ಟರು ಕಂಬದ ಮರೆಗೆ ಸರಿದು ಕಣ್ಣು ಕಿರಿದಾಗಿಸಿದರು. ಗೊಂಬೆಯ ಮೇಲೆ ಕಂಡದ್ದೇ ಇಲ್ಲೂ ಇತ್ತು. ಸೀಟು ಜೋತಿತ್ತು, ಬೆನ್ನು ತೂಗುತ್ತಿತ್ತು. ಡ್ರೈವರು ಲೋಟ ಎಸೆದು ಬಸ್ಸು ಹತ್ತಿದ, ಬಸ್ಸು ಹೊರಟಿತು. ಮಾಸ್ಟರು ಬಾಯಲ್ಲಿ ಸಣ್ಣಗೆ ಶಿಳ್ಳೆ ಹಾಕುತ್ತ ಮನೆಗೆ ತಿರುಗಿದರು.

ಅದರ ಮರುದಿನವೇ ಫೋನು ಬಂತು. ಸೊಸೆಯದೇ ದನಿ.

"ಮಾಸ್ಟ್ರೇ, ನಾಳೆ ಸ್ವಲ್ಪ ಬರೋಕಾಗತ್ತಾ? ಆ ಡ್ರೈವರ್ ಬಟ್ಟೆ ವಿಷಯ. ಫೋನಲ್ಲಿ ಬೇಡ, ಎದುರಿಗೇ ಮಾತಾಡೋಣ. ಡಿಪೋದವರೂ ಬರ್ತಿದಾರೆ."

"ಬರ್ತೀನಿ ಮೇಡಂ," ಎಂದರು ಮಾಸ್ಟರು, ದನಿಯಲ್ಲಿ ಒಂದಿಷ್ಟು ಕಾಳಜಿ ಬೆರೆಸಿ. ಫೋನಿಟ್ಟ ಮೇಲೆ ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದರು.

ಸಂಜೆಯೆಲ್ಲ ಕನ್ನಡಿಯ ಮುಂದೆ ತಾಲೀಮು ನಡೆಯಿತು. ಅವರು ಗೋಗರೆಯುವವರೆಗೆ ಕಾಯಬಾರದು. ಗೋಗರೆದ ಮೇಲೆ ಕೊಟ್ಟರೆ ಅದು ವ್ಯಾಪಾರ. ಕೇಳುವ ಮೊದಲೇ ಕೊಟ್ಟರೆ ದೊಡ್ಡತನ. ಸೊಸೆ ಬಾಯಿ ತೆರೆದ ಕೂಡಲೇ ಕೈಯೆತ್ತಿ ತಡೆಯಬೇಕು. ಯಾರನ್ನೂ ದೂರಬಾರದು, ಡಿಸೈನರಮ್ಮನ ಪರವಾಗಿಯೂ ಒಂದು ಮಾತಾಡಬೇಕು. ತಪ್ಪು ಯಂತ್ರದ್ದು. ಆಮೇಲೆ ಪೆನ್‌ಡ್ರೈವು ಮೇಜಿನ ಮೇಲೆ. ಅಲ್ಲಿಂದಾಚೆಗೆ ಅವರೇ ಕೇಳುತ್ತಾರೆ: ಮತ್ತೆ ಬನ್ನಿ ಮಾಸ್ಟ್ರೇ, ಈ ಲ್ಯಾಪ್‌ಟಾಪು ನಿಮ್ಮ ಕೈಯಲ್ಲೇ ಇರಲಿ.

ಮರುದಿನ ಕಾರ್ಖಾನೆಯ ಮುಂದೆ ಡಿಪೋದ ಜೀಪು ನಿಂತಿತ್ತು. ಒಳಗೆ ಕಾಲಿಟ್ಟೊಡನೆ ನಲವತ್ತು ಮಿಷನ್ನುಗಳ ಸದ್ದು ಒಮ್ಮೆಲೇ ತಗ್ಗಿತು. ಎಲ್ಲರೂ ಅವರ ಕಡೆಗೇ ನೋಡುತ್ತಿದ್ದರು. ಕಾಜಕ್ಕ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡಳು. ಕಣ್ಣು ತುಂಬಿತ್ತು.

"ನಾನೇನೂ ಹೇಳ್ಬಾರ್ದು ಅಂದಿದಾರೆ. ಬೇಗ ಒಳಗೆ ಹೋಗಿ ಮಾಸ್ಟ್ರೇ. ನಿಮಗೋಸ್ಕರಾನೇ ಕಾಯ್ತಿದಾರೆ."

ಪಾಪ, ಅತ್ತುಬಿಟ್ಟಿದಾಳೆ, ಎಂದುಕೊಂಡರು ಮಾಸ್ಟರು. "ಹೆದರ್ಬೇಡ, ನಾನು ಬಂದಿದೀನಲ್ಲ" ಎಂದು ಅವಳ ಭುಜ ತಟ್ಟಿ ಮುಂದೆ ನಡೆದರು.

ಯಜಮಾನರ ಕೋಣೆಯಲ್ಲಿ ಮೂವರಿದ್ದರು. ಸೊಸೆ, ಡಿಸೈನರಮ್ಮ, ಜೊತೆಗೆ ಮೀಸೆ ನರೆತ ಡಿಪೋ ಮೇಲ್ವಿಚಾರಕ. ಮೇಜಿನ ಮೇಲೆ ಬಿಚ್ಚಿದ ಒಂದು ಕಟ್ಟು, ಅದರೊಳಗೆ ಡ್ರೈವರುಗಳ ಅಂಗಿ, ಪ್ಯಾಂಟು. ವಾಪಸು ಬಂದ ಮಾಲು. ಎಲ್ಲ ಅಂದುಕೊಂಡ ಜಾಗದಲ್ಲೇ ಇತ್ತು.

"ಬನ್ನಿ ಮಾಸ್ಟ್ರೇ, ಕೂತ್ಕೊಳ್ಳಿ," ಎಂದಳು ಸೊಸೆ. "ಈ ಬಟ್ಟೆ ವಿಷಯ..."

ಮಾಸ್ಟರು ಕೈಯೆತ್ತಿದರು.

"ಬೇಡ ಮೇಡಂ, ನೀವು ಹೇಳೋದು ಬೇಡ. ನಂಗೆಲ್ಲ ಅರ್ಥ ಆಗಿದೆ. ಇದ್ರಲ್ಲಿ ಯಾರ್ದೂ ತಪ್ಪಿಲ್ಲ. ಇವ್ರನ್ನೂ ಬೈಬೇಡಿ, ಪಾಪ," ಎಂದು ಡಿಸೈನರಮ್ಮನ ಕಡೆ ದಯೆಯಿಂದ ನೋಡಿದರು. "ಹಳೇದ್ರಿಂದ ಹೊಸದಕ್ಕೆ ಹಾಕುವಾಗ ಅಳತೆ ಕೆಡತ್ತೆ, ಅದೇ ಹೇಳತ್ತಲ್ಲ, ಹಳದಿ ಚೌಕದಲ್ಲಿ. ಸೀಟಿಗೆ ಮುಕ್ಕಾಲು ಇಂಚು ಜಾಸ್ತಿ ಬಂದಿದೆ, ಬೆನ್ನಿಗೆ ಅರ್ಧ, ಕಂಕುಳಿಗೆ ಕಾಲು. ಅಷ್ಟೇ. ನನ್ನ ಪುಣ್ಯಕ್ಕೆ ಅಸಲಿದು ಒಂದು ಪ್ರತಿ ಇಟ್ಕೊಂಡಿದ್ದೆ. ತಗೊಳ್ಳಿ. ಹತ್ತೇ ದಿನದಲ್ಲಿ ಎಲ್ಲಾ ಸರಿ ಮಾಡ್ಕೊಡ್ತೀನಿ."

ಕನ್ನಡಕದ ಡಬ್ಬಿ ತೆರೆದು ಪೆನ್‌ಡ್ರೈವನ್ನು ಅಂಗಿಯ ಪಕ್ಕ ಇಟ್ಟರು. ಮಾತು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂದಿತ್ತು. ಸೊಸೆ ಒಮ್ಮೆ ಡಿಸೈನರಮ್ಮನ ಮುಖ ನೋಡಿದಳು, ಒಮ್ಮೆ ಪೆನ್‌ಡ್ರೈವಿನ ಕಡೆ ನೋಡಿದಳು.

ಡಿಸೈನರಮ್ಮ ಕನ್ನಡಕ ತೆಗೆದು ಎದೆಯ ಮೇಲೆ ಬಿಟ್ಟರು.

"ಮಾಸ್ಟ್ರೇ, ಹಳೇ ಬಟ್ಟೆ, ಹೊಸ ಬಟ್ಟೆ ಎರಡನ್ನೂ ಹೊಲಿಗೆ ಬಿಚ್ಚಿ, ಪಕ್ಕಪಕ್ಕ ಇಟ್ಟು ಅಳೆದಾಗ್ಲೇ ನಮ್ಗೆ ಈ ಮುಕ್ಕಾಲು ಇಂಚು ಗೊತ್ತಾಗಿದ್ದು. ಮೊನ್ನೆ. ಈ ಕೋಣೆಯಾಚೆ ಯಾರಿಗೂ ಹೇಳಿಲ್ಲ." ಆಕೆಯ ದನಿ ಮೆಲ್ಲಗಿತ್ತು. "ಹೋಗೋ ಮುಂಚೆ ನೀವೇ ತಿದ್ದಿಕೊಟ್ಟು ಹೋಗಿದೀರ ಅಂದ್ಕೊಂಡಿದ್ವಿ. ಬಾಯ್ಬಿಟ್ಟು ಹೇಳ್ದೇ ಇರೋ ದೊಡ್ಡ ಮನುಷ್ಯರು ಅಂತ ಮಾತಾಡ್ಕೊಂಡ್ವಿ. ದಾದಿಯರ ಕೋಟನ್ನೂ ಹಂಗೇ ತಿದ್ದಿಕೊಡಿ, ಮತ್ತೆ ಬನ್ನಿ ಅಂತ ಕೇಳೋಕೇ ಮೇಡಂ ನಿಮ್ಮನ್ನ ಕರೆಸಿದ್ದು."

"ಹಳೇದು ಸತ್ತೋಯ್ತು, ಅದ್ರಲ್ಲಿ ಏನೂ ಸಿಗಲ್ಲ ಅಂದ್ರಿ," ಎಂದಳು ಸೊಸೆ. "ಇದು ಎಲ್ಲಿಂದ ಬಂತು ಮಾಸ್ಟ್ರೇ?"

ಮಾಸ್ಟರ ಕೈ ಪೆನ್‌ಡ್ರೈವಿನ ಕಡೆ ಅರ್ಧ ದಾರಿ ಹೋಗಿ ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಯಾವ ಅಳತೆಯೂ ನೆನಪಾಗಲಿಲ್ಲ.

ಇದ್ಯಾವುದರ ತಲೆಬುಡ ಹತ್ತದ ಡಿಪೋ ಮೇಲ್ವಿಚಾರಕ ಮಾತ್ರ, ಜೇಬಿನಿಂದ ಡ್ರೈವರುಗಳ ನೂರಾರು ಸಹಿಗಳಿದ್ದ ಒಂದು ಮೆಚ್ಚುಗೆಯ ಕಾಗದ ತೆಗೆದು, ಮಾಸ್ಟರ ಮುಂದೆ ಬಿಡಿಸಿಟ್ಟು, ಮೀಸೆಯಡಿ ನಗುತ್ತ ಹೇಳಿದ: "ಅದೇನು ಕೆಟ್ಟಿದೆ ಅಂತೀರೋ ನಂಗೊತ್ತಿಲ್ಲ ಮಾಸ್ಟ್ರೇ, ದಯವಿಟ್ಟು ಅದನ್ನ ಸರಿ ಮಾತ್ರ ಮಾಡ್ಬೇಡಿ. ಇಷ್ಟು ವರ್ಷ ಸೀಟು ಬಿಟ್ಕೊಳ್ಳೋದು, ಕಂಕುಳು ಹರಿಯೋದು, ಮನೇಲಿ ಹೊಲ್ಕೊಂಡು ಬರೋದು, ಯೂನಿಫಾರಂ ಅಂದ್ರೆ ಹಿಂಗೇ ಅಂದ್ಕೊಂಡಿದ್ವಿ. ಈಗ ನಮ್ಮ ಹುಡುಗ್ರು ಸ್ಟೇರಿಂಗ್ ಪೂರ್ತಿ ತಿರುಗಿಸಿದ್ರೂ ಅಂಗಿ ಎಳೆಯಲ್ಲ. ನಿಂತಾಗ ಸ್ವಲ್ಪ ಜೋಲು ಕಾಣತ್ತೆ, ನಿಜ. ಆದ್ರೆ ಡ್ರೈವರು ನಿಲ್ಲೋದು ಎಷ್ಟು ಹೊತ್ತು ಹೇಳಿ?" ಮಾಸ್ಟರು ಆ ಸಹಿಗಳನ್ನು ನೋಡಿದರು. ಇಪ್ಪತ್ತೆರಡು ವರ್ಷದ ಹಿಂದೆ ಡಿಪೋದ ಅಂಗಳದಲ್ಲಿ, ಕೊರಳಿಗೆ ಟೇಪು ಹಾಕಿಕೊಂಡು, ಒಬ್ಬೊಬ್ಬರನ್ನೇ ಕರೆದು, "ನೆಟ್ಟಗೆ ನಿಂತ್ಕೊಳ್ಳಿ, ಅಲ್ಲಾಡ್ಬೇಡಿ" ಎಂದು ಗದರಿಸಿ ಅವರು ಅಳತೆ ಬರೆದುಕೊಂಡಿದ್ದರು. ಯಾರನ್ನೂ ಕೂರಿಸಿ ಅಳೆದಿರಲಿಲ್ಲ.